ತೊಳೆದ ನೋಟು

ಈ ವಿಷಯವನ್ನು ನನ್ನ ಹೆಂಡತಿಗೂ ಹೇಳಿಲ್ಲ. ಹೇಳಲು ಮುಖ ಬೇಕಲ್ಲ!

ಮೂವತ್ತರ ದಶಕದ ಮಾತು. ನಾನಾಗ ಮಳವಳ್ಳಿಯಲ್ಲಿ ಸ್ಕೂಲು ಮೇಷ್ಟ್ರು. ಶಿವನಸಮುದ್ರದ ಕರೆಂಟು ಕಾರ್ಖಾನೆಯಲ್ಲಿದ್ದ ಇಂಜಿನಿಯರ್ ಸಾಹೇಬರೊಬ್ಬರಿಗೆ ಹಳೆಯ ನೋಟು ಕೂಡಿಡುವ ಹುಚ್ಚು. ಚಲಾವಣೆ ನಿಂತುಹೋದ ಎರಡೂವರೆ ರೂಪಾಯಿ ನೋಟು ಸಿಕ್ಕರೆ ಇಪ್ಪತ್ತು ರೂಪಾಯಿ ಕೊಡುತ್ತೇನೆಂದು ಅವರು ನನ್ನೆದುರೇ ಅಂದರು. ನನ್ನ ಕಿವಿ ನೆಟ್ಟಗಾಯಿತು. ಅಂಥದ್ದೊಂದು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ, ನನ್ನ ಸೋದರತ್ತೆಯ ದೇವರ ಗೂಡಿನಲ್ಲಿತ್ತು.

ಮಾವ ಬೆಲ್ಲ ಮಾರಿ ತಂದಿದ್ದ ನೋಟು ಅದು. ಆ ಮನೆ ಕಂಡ ಮೊದಲ ಕಾಗದದ ದುಡ್ಡು. ಮನೆಗೆ ಹೊಸದೇನು ಬಂದರೂ ಇಡುವಂತೆ ಅತ್ತೆ ಅದಕ್ಕೂ ಅರಿಶಿನ ಕುಂಕುಮ ಇಟ್ಟು ದೇವರ ಮುಂದಿಟ್ಟಿದ್ದಳು. ಮಾವ ತೀರಿಕೊಂಡ ಮೇಲೆ ಅವಳು ಕುಂಕುಮ ಮುಟ್ಟಿದವಳಲ್ಲ.

"ಸಾಹೇಬರು ನೋಡ್ಬುಟ್ಟು ವಾಪಸ್ ಕೊಡ್ತಾರೆ ಕಣತ್ತೆ," ಎಂದು ಸುಳ್ಳು ಬಿಟ್ಟೆ. ಆಮೇಲೆ ಎಲ್ಲೋ ಕಳೆದುಹೋಯಿತು ಅಂದರಾಯಿತು ಎಂಬ ಧೈರ್ಯ. ಬಂದ ದುಡ್ಡಿನಲ್ಲಿ ಕೈಗಡಿಯಾರ ಕೊಳ್ಳುವ ಆಸೆ. ಥೂ, ನನ್ನ ಓದಿಗಿಷ್ಟು!

"ತಕ್ಕಂಡೋಗ್ಲಾ, ನಿಂಗೆ ಇಲ್ಲ ಅನ್ನಾಕಾಯ್ತದಾ?" ಎಂದಳು ಅತ್ತೆ. "ಕುಂಕ್ಮ ಮಾತ್ರ ಜ್ವಾಪಾನ. ನಾನು ಕೈಯಾರೆ ಇಟ್ಟಿದ್ರಲ್ಲಿ ಉಳ್ದಿರೋದು ಅದೊಂದೇಯ."

ಮಳವಳ್ಳಿಗೆ ಬಂದು ಬಿಚ್ಚಿ ನೋಡಿದರೆ ದೊರೆಯ ಚಿತ್ರದ ಪಕ್ಕದಲ್ಲೇ ಕೆಂಪು ಬೊಟ್ಟು. ಕೊಳೆಯಾದ ನೋಟಿಗೆ ಇಪ್ಪತ್ತು ರೂಪಾಯಿ ಯಾರು ಕೊಟ್ಟಾರು? ಸೀಗೆಪುಡಿಯ ನೀರಿನಲ್ಲಿ ಅದ್ದಿ ಬೆರಳಿನಿಂದ ಮೆಲ್ಲಗೆ ಉಜ್ಜಿದೆ. ಕುಂಕುಮ ಹೋಯಿತು, ಜೊತೆಗೆ ಅಚ್ಚಿನ ಬಣ್ಣವೂ ಒಂದಿಷ್ಟು ಹೋಯಿತು. ಪುಸ್ತಕಗಳ ಕೆಳಗೆ ಒತ್ತಿಟ್ಟು ಒಣಗಿಸಿ, ಭಾನುವಾರ ಶಿವನಸಮುದ್ರಕ್ಕೆ ಹೋದೆ.

ಸಾಹೇಬರು ಬೆಳಕಿಗೆ ಹಿಡಿದು ನೋಡಿದರು. "ಅಯ್ಯೋ ಮೇಷ್ಟ್ರೇ, ಒಗೆದುಬಿಟ್ಟಿದ್ದೀರಲ್ರೀ! ಕುಂಕುಮ ಇದ್ದಿದ್ದರೂ ತಗೋತಿದ್ದೆ. ತೊಳೆದ ನೋಟು ಯಾರಿಗೂ ಬೇಡ," ಎಂದು ನನ್ನ ಕೈಗೇ ವಾಪಸ್ ಕೊಟ್ಟರು.

ಸಾಹೇಬರೇ ತೊಳೆದರು ಎನ್ನೋಣವೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಅತ್ತೆಯ ಮನೆಗೆ ಹೋದೆ. ಅವಳು ನೋಟಿನ ಎರಡೂ ಮಗ್ಗುಲು ತಿರುಗಿಸಿ, ಮತ್ತೆ ತಿರುಗಿಸಿ, ಆಮೇಲೆ ನನ್ನ ಮುಖ ನೋಡಿದಳು. ನಾನೇ ತೊಳೆದೆ ಎಂದುಬಿಟ್ಟೆ.

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಿಮ್ಮಾವ ಸತ್ತಾಗ ಹಣೆ ಮ್ಯಾಲಿಂದ ಅವ್ರಿವ್ರು ಅಳ್ಸುದ್ರು," ಎಂದಳು. "ಇದ್ನ ನೀನಾದ್ರೂ ಬುಡ್‌ಬೌದಿತ್ತು ಕಣ್ಲಾ."