ರಿವರ್ಸ್ ಗೇರಿನಲ್ಲಿ ಒಂದು ಅಳಿಲು

ಪರದೆ ಚಿಕ್ಕದಾದಷ್ಟೂ ಮನುಷ್ಯ ಅದರೆದುರು ಹೆಚ್ಚು ಬಾಗುತ್ತಾನೆ. ಗೋಡೆಯಗಲದ ಟೀವಿಯನ್ನು ನಾವು ಸೋಫಾದ ಮೇಲೆ ಕಾಲು ಚಾಚಿ, ಸಾಮಂತರ ಕಪ್ಪಕಾಣಿಕೆ ಸ್ವೀಕರಿಸುವ ಚಕ್ರವರ್ತಿಯ ಉಡಾಫೆಯಲ್ಲಿ ನೋಡುತ್ತೇವೆ. ಅದೇ ಅಂಗೈಯಗಲದ ಪರದೆ ಸಿಕ್ಕಿದರೆ ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ವರ ಬೇಡುವವರ ಭಂಗಿಗೆ ಇಳಿಯುತ್ತೇವೆ. ಪ್ರಜಾಪ್ರಭುತ್ವದಲ್ಲಿ ಯಾರೂ ಯಾರಿಗೂ ತಲೆಬಾಗಬೇಕಿಲ್ಲವೆಂದು ವಿಶ್ವವಿದ್ಯಾನಿಲಯದಲ್ಲಿ ಓದಿ, ಅದನ್ನೇ ಸಿಕ್ಕಸಿಕ್ಕಲ್ಲಿ ಭಾಷಣ ಮಾಡಿ ಬಂದ ನಾನು ಕಳೆದ ಭಾನುವಾರ ಬೆಳಗ್ಗೆ ವನಗೂರಿನಲ್ಲಿ, ನಮ್ಮ ಚಿಕ್ಕಮ್ಮನ ಜೀಪಿನೊಳಗೆ, ಡ್ಯಾಶ್‌ಬೋರ್ಡಿಗೆ ಹಣೆ ತಾಗುವಷ್ಟು ಬಾಗಿ ಕುಳಿತಿದ್ದೆನೆಂದರೆ ಅದಕ್ಕೊಂದು ಕಾರಣವಿದೆ; ಆ ಕಾರಣಕ್ಕೊಂದು ಪೊದೆಬಾಲವೂ ಇದೆ.

ಚಿಕ್ಕಮ್ಮ ಕಾಫಿ, ಏಲಕ್ಕಿಯ ಸಣ್ಣ ತೋಟವನ್ನು ನೋಡಿಕೊಂಡು, ವನಗೂರಿನ ಏರಿನಲ್ಲಿ ತಾನೇ ಜೀಪು ಓಡಿಸುವ ಹೆಂಗಸು. ಮದುವೆಯಾಗಿ ಬಂದ ಹೊಸದರಲ್ಲಿ, ತವರಿನಿಂದ ತಂದ ಸಾಮಾನಿನ ನಡುವೆ, ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಯೊಂದಿತ್ತಂತೆ. ಅದರಲ್ಲೊಂದು ಅಳಿಲು. ಅದು ಗುಂಡಿ ಹಾರಿ, ಕಾಯಿ ಆಯ್ದು, ಕೊನೆಗೆ ಮುರುಕಲು ಸೇತುವೆಯೊಂದನ್ನು ದಾಟಿದರೆ ಆಚೆ ಒಂದು ಬಾಗಿಲು. ಆ ಬಾಗಿಲ ಹಿಂದೆ ಏನಿದೆಯೆಂದು ಚಿಕ್ಕಮ್ಮ ಕಂಡವರಲ್ಲ. ಅಳಿಲು ಸೇತುವೆ ಹತ್ತಿತೆಂದರೆ ಊರಿನ ಕರೆಂಟು ಹೋಗುತ್ತಿತ್ತು. ಪೆಟ್ಟಿಗೆ ಸತ್ತು ಎಷ್ಟೋ ವರ್ಷವಾದರೂ ಬಾಗಿಲ ಚಿಂತೆ ಸಾಯಲಿಲ್ಲ. ನೆಂಟರಿಷ್ಟರ ಮದುವೆಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಅವರು ಅದನ್ನೇ ಎತ್ತುವುದುಂಟು.

ಇದನ್ನು ಉಳಿದವರು ತಮಾಷೆಯಾಗಿ ಕೇಳಿದರು, ನಾನು ಮೊಕದ್ದಮೆಯಾಗಿ ಕೇಳಿದೆ. ಕರೆಂಟು ಯಾಕೆ ಹೋಗುತ್ತದೆಂದು ವಿದ್ಯುತ್ ಕಚೇರಿಗೆ ದೂರಿನ ಮೇಲೆ ದೂರು ಕೊಟ್ಟೆ. ಲೈನಿನ ಮೇಲೆ ಮರ ಬಿದ್ದಿದೆಯೆಂಬುದು ಪ್ರತಿ ಸಲದ ಉತ್ತರ. ನಮ್ಮ ಸೀಮೆಯಲ್ಲಿ ಸಕಲ ಆಡಳಿತವೈಫಲ್ಯಕ್ಕೂ ಮರವೇ ಉತ್ತರದಾಯಿ; ಅದನ್ನು ಅಮಾನತಿನಲ್ಲಿಡುವಂತಿಲ್ಲ, ವರ್ಗಾಯಿಸುವಂತಿಲ್ಲ, ತಲೆ ತಗ್ಗಿಸು ಎನ್ನುವಂತೆಯೂ ಇಲ್ಲ, ಯಾಕೆಂದರೆ ಅದು ಮೊದಲೇ ಬಿದ್ದಿರುತ್ತದೆ.

ವ್ಯವಸ್ಥೆಯನ್ನು ಬದಲಿಸಲಾಗದ ಕ್ರಾಂತಿಕಾರಿ ಕೊನೆಗೆ ವೈರು ಬದಲಿಸುತ್ತಾಳೆ. ಹವ್ಯಾಸಿಗಳು ಕೊಳ್ಳುವ, ಮೈಮೇಲೆ ಹೊದಿಕೆಯೂ ಇಲ್ಲದ, ಇಸ್ಪೀಟಿನ ಎಲೆಯಷ್ಟಗಲದ ಬಿಡಿ ಕಂಪ್ಯೂಟರೊಂದನ್ನು ತರಿಸಿ, ಹಳೆಯ ಅಳಿಲನ್ನು ಅದರೊಳಗೆ ಕೂರಿಸಿ, ಮನೆಯ ಟೀವಿಗೆ ಜೋಡಿಸಿದೆ. ಅಳಿಲು ಸೇತುವೆ ಹತ್ತಿತು, ಕರೆಂಟು ಹೋಯಿತು. ಈ ಕಾಲದಲ್ಲಿ ಆಟವನ್ನು ನಡುವೆ ಉಳಿಸಿಟ್ಟು ಅಲ್ಲಿಂದಲೇ ಮುಂದುವರಿಸಬಹುದೆಂದು ವಿವರಿಸಿದರೆ ಚಿಕ್ಕಮ್ಮ ನನ್ನನ್ನು ಭ್ರಷ್ಟ ಅಧಿಕಾರಿಯಂತೆ ನೋಡಿದರು. "ಅರ್ಧದಿಂದ ಶುರು ಮಾಡಿ ಗೆದ್ರೆ ಅದೂ ಒಂದ್ ಗೆಲುವೇನೇ?" ಎಂದರು. ಸಾರ್ವಜನಿಕ ಜೀವನದಲ್ಲಿ ನಾನು ಹುಡುಕುತ್ತಿದ್ದ ಪ್ರಾಮಾಣಿಕತೆ ಹೀಗೆ ಅಕಾಲದಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಎದುರಾಯಿತು.

ಆಗ ನೆನಪಾದದ್ದು ಜೀಪಿನ ಪುಟ್ಟ ಪರದೆ. ಹಿಂದಕ್ಕೆ ಬರುವಾಗ ದಾರಿ ಕಾಣಲೆಂದು ಚಿಕ್ಕಮ್ಮ ಬಾಳ್ಳುಪೇಟೆಯಲ್ಲಿ ಹಾಕಿಸಿದ್ದು. ಅದಕ್ಕೂ ಕಂಪ್ಯೂಟರಿಗೂ ಜೀಪಿನ ಬ್ಯಾಟರಿಯೇ ಸಾಕು. ಮರ ಬಿದ್ದರೆ ಬೀಳಲಿ. ಕ್ಯಾಮೆರಾದ ವೈರು ಕಿತ್ತು ಕಂಪ್ಯೂಟರಿನದನ್ನು ಸಿಕ್ಕಿಸಬೇಕು; ಮೂರು ಬಣ್ಣದ ಪಿನ್ನುಗಳ ಆ ವೈರನ್ನು ಮೊದಲು ಮನೆಯ ಟೀವಿಯಲ್ಲೇ ಪರೀಕ್ಷಿಸಿದೆ. ಹಳದಿ ತೂತಿಗೆ ಹಳದಿ ಪಿನ್ನು ಹಾಕಿದರೆ ಕತ್ತಲು, ಬಿಳಿ ಹಾಕಿದರೂ ಕತ್ತಲು. ಕಡೆಗೆ ಕೆಂಪನ್ನು ಹಾಕಿದಾಗ ಬೆಳಕು ಮೂಡಿತು. ವಿದ್ಯಾರ್ಥಿದೆಸೆಯಿಂದಲೂ ಕೆಂಪಿನ ಮೇಲೆ ನಾನಿಟ್ಟಿದ್ದ ಭರವಸೆ ಎಲ್ಲಾದರೂ ಒಂದು ಕಡೆ ನಿಜವಾಗಬೇಕಿತ್ತಲ್ಲ.

ಒಂದೇ ತೊಡಕು. ಆ ಪರದೆ ಹೊತ್ತಿಕೊಳ್ಳುವುದು ಜೀಪು ರಿವರ್ಸ್ ಗೇರಿನಲ್ಲಿದ್ದಾಗ ಮಾತ್ರ. ಅದೃಷ್ಟಕ್ಕೆ ನಮ್ಮ ಕಡೆ ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿದ ಜೀಪನ್ನು ರಿವರ್ಸ್ ಗೇರಿನಲ್ಲೇ ಬಿಟ್ಟು, ಚಕ್ರಕ್ಕೊಂದು ಕಲ್ಲು ಕೊಡುವುದು ವಾಡಿಕೆ. ಕೆಂಪು ಪಿನ್ನನ್ನು ಜೀಪಿನ ಪರದೆಗೆ ಸಿಕ್ಕಿಸಿ, ಎಂಜಿನ್ ಹಾಕದೆ ಬರಿಯ ಕೀಲಿ ತಿರುಗಿಸಿದೆ. ಪರದೆಯಲ್ಲಿ ಅಳಿಲು ಬಂತು. ಬೆನ್ನಿಗೇ ಜೀಪಿನ ಹಿಂಬದಿಯಿಂದ ರಿವರ್ಸ್ ಹಾರನ್ನಿನ ಸಂಗೀತವೂ ಬಂತು. ಎರಡಕ್ಕೂ ಒಂದೇ ವೈರು. ಹಾರನ್ನನ್ನು ಕಿತ್ತುಬಿಡುತ್ತೇನೆಂದರೆ, ನಾಳೆ ಆಳುಗಳನ್ನು ಕೂರಿಸಿಕೊಂಡು ಹೋಗುವ ಗಾಡಿ, ಮುಟ್ಟಬೇಡವೆಂದು ಚಿಕ್ಕಮ್ಮ ಕೈ ತಡೆದು, ಡ್ರೈವರ್ ಸೀಟಿನಲ್ಲಿ ಕುಳಿತು, ಆ ಪೀಪೀ ರಾಗದಲ್ಲೇ ಮೊದಲ ಗುಂಡಿ ಹಾರಿದರು.

ಇಲ್ಲಿ, ಮಿತ್ರರೇ, ನಮ್ಮ ಬೆಟ್ಟದ ಒಂದು ಪದ್ಧತಿಯನ್ನು ನಿಮಗೆ ಹೇಳಲೇಬೇಕು. ಈ ದಾರಿಗಳ ಒಂದು ಬದಿಗೆ ಗುಡ್ಡ ಕಡಿದ ಮಣ್ಣಿನ ಧರೆ, ಇನ್ನೊಂದು ಬದಿಗೆ ಪಾತಾಳ. ಹಾಗಾಗಿ ರಿವರ್ಸ್ ಹಾರನ್ ಕೇಳಿದವರು, ಯಾರೇ ಆಗಲಿ, ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಬಂದು ಗಾಡಿಯ ಹಿಂದೆ ನಿಂತು ದಾರಿ ಹೇಳುತ್ತಾರೆ. ಇದಕ್ಕೆ ಸರ್ಕಾರದ ಆದೇಶವಿಲ್ಲ. ಬಹುಶಃ ಅದಕ್ಕೇ ಇದು ಜಾರಿಯಲ್ಲಿದೆ.

ಅಳಿಲು ಸೇತುವೆ ಹತ್ತಿತು. ಊರಿನ ಕರೆಂಟು ಆಗಲೇ ಹೋಗಿತ್ತು, ಪರದೆ ಮಾತ್ರ ಉರಿಯುತ್ತಿತ್ತು. ಆ ಗಳಿಗೆಯಲ್ಲಿ ಪಕ್ಕದ ಎಸ್ಟೇಟಿನ ರೈಟರ್ ಶಿವಣ್ಣ, ಅಂದರೆ ನನ್ನ ಹಾಗೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು, ರೊಟ್ಟಿಹಿಟ್ಟು ಮೆತ್ತಿದ ಕೈಯಲ್ಲೇ ಏರು ಹತ್ತಿ ಓಡಿ ಬಂದು ಜೀಪಿನ ಹಿಂದೆ ನಿಂತರು. "ಬರ್ಲಿ ಅಕ್ಕ, ಬರ್ಲಿ, ರೈಟಿಗೆ ಹೊಡೀರಿ" ಎಂದರು. ಇಷ್ಟು ವರ್ಷ ಆ ಮಾತನ್ನು ನಂಬಿಯೇ ಬದುಕಿದ ಚಿಕ್ಕಮ್ಮನ ಹೆಬ್ಬೆರಳು ತಾನೇತಾನಾಗಿ ಆಟದ ಹಿಡಿಕೆಯ ಬಲಗಡೆಯ ಗುಂಡಿಯನ್ನೊತ್ತಿತು. ಅಳಿಲು ಪಾತಾಳ ಸೇರಿತು.

ನಾನು ಜೀಪಿನಿಂದ ಧುಮುಕಿ ವಿಚಾರಣಾ ಆಯೋಗವಾದೆ. ಯಾರು ಕರೆದದ್ದು, ಯಾಕೆ ಕೂಗಿದ್ದು ಎಂದು ಹರಿಹಾಯ್ದು, ಜೀಪು ಅಲ್ಲಾಡುತ್ತಿಲ್ಲವೆಂಬುದು ಕಾಣಲಿಲ್ಲವೇ ಎಂದೆ.

"ಅದಕ್ಕೇ ಓಡ್ ಬಂದಿದ್ದು ಕಣವ್ವ," ಎಂದರು ಶಿವಣ್ಣ. "ಹಾರ್ನ್ ಬಡ್ಕಂತೈತೆ, ಗಾಡಿ ಬರ್ತಿಲ್ಲ. ಎಲ್ಲೋ ಸಿಕ್ಕಾಕ್ಕಂಡೈತೆ ಅಂದ್ಕಂಡೆ."

ಚಿಕ್ಕಮ್ಮ ಕಿಟಕಿಯಿಂದ ತಲೆ ಹೊರಹಾಕಿದರು. "ಸುಮ್ನಿರೇ ಮಾರಾಯ್ತಿ. ಕರೆಂಟಿನೋರು ಬಂದು ಯಾವತ್ತಾದ್ರೂ ಕೇಳವ್ರಾ ನನ್ನ? ಇವ್ನು ಬಿದ್ದೋಗ್ತೀನೇನೋ ಅಂತ ಓಡ್ ಬಂದವ್ನೆ, ಇವ್ನಿಗೇ ಬೈತೀಯಲ್ಲ."

ಆಯೋಗ ವಿಸರ್ಜನೆಯಾಯಿತು. ಕೇಳುವ ಮೊದಲೇ ಉತ್ತರಿಸಲು ಓಡಿ ಬಂದ ಒಬ್ಬನೇ ಒಬ್ಬ ಮನುಷ್ಯನನ್ನು ಕಟಕಟೆಗೆ ಹತ್ತಿಸಿದ್ದೆ. ನನ್ನ ದೂರುಗಳೆಲ್ಲ ಹುಡುಕುತ್ತಿದ್ದ ಉತ್ತರದಾಯಿತ್ವವು ರೊಟ್ಟಿಹಿಟ್ಟು ಮೆತ್ತಿದ ಕೈಯೊಡನೆ ಎದುರಿಗೇ ಏದುಸಿರು ಬಿಡುತ್ತಿತ್ತು. ಹಾಗೆಂದು ವಿದ್ಯುತ್ ಕಚೇರಿಯನ್ನು ಕ್ಷಮಿಸಿದ್ದೇನೆಂದು ಯಾರೂ ಭಾವಿಸಬಾರದು; ಸೋಮವಾರವೇ ಇನ್ನೊಂದು ದೂರು ಹೋಯಿತು.

ಚಿಕ್ಕಮ್ಮ ಮೊದಲಿನಿಂದ ಶುರು ಮಾಡಿದರು. ಶಿವಣ್ಣ ಪಕ್ಕದ ಸೀಟಿಗೆ ಬಂದು, ಆಟದ ತಲೆಬುಡ ತಿಳಿಯದಿದ್ದರೂ ಪ್ರತಿ ಗುಂಡಿಗೂ ಬರ್ಲಿ ಬರ್ಲಿ ಎನ್ನುತ್ತ ಅಳಿಲಿಗೆ ದಾರಿ ಹೇಳಿದರು. ಸೇತುವೆಯ ಹೊತ್ತಿಗೆ, ಹಿಂದಿನ ಸೀಟಿನಿಂದ ಬಾಗಿದ ನನ್ನದೂ ಸೇರಿ, ಮೂರು ತಲೆಗಳೂ ತಾಗಿಕೊಂಡಿದ್ದವು. ಅಳಿಲು ದಾಟಿತು. ಬಾಗಿಲು ತೆರೆಯಿತು. ಆಚೆ ಇದ್ದದ್ದು ಅದೇ ಮೊದಲ ಗುಂಡಿ, ಅದೇ ಮೊದಲ ಕಾಯಿ; ಆಟ ಮತ್ತೆ ಮೊದಲಾಗಿತ್ತು, ತುಸು ಬಿರುಸಾಗಿ.

"ಅಯ್ಯೋ, ನಮ್ ತೋಟದ ಕೆಲ್ಸ ಇದ್ದಂಗೇ ಐತಲ್ಲ," ಎಂದು ಚಿಕ್ಕಮ್ಮ ನಕ್ಕುಬಿಟ್ಟರು. ಆಮೇಲೆ ಆಟದ ಹಿಡಿಕೆಯನ್ನು ಶಿವಣ್ಣನ ಕೈಗಿಟ್ಟು, ಅವರ ಭುಜದ ಮೇಲಿಂದ ಪರದೆಗೆ ಬಾಗಿದರು.

"ತಗಳಪ್ಪ, ಈ ಸಲ ನೀನು ಹೊಡಿ. ಬರ್ಲಿ ಅನ್ನಕ್ಕೆ ನಾನಿದೀನಿ."