ಅಕ್ಕನ ತಲೆಯ ಚಿತ್ರ

ಗೆಳೆಯರೇ, ಸಿಂಧಘಟ್ಟದ ನಮ್ಮಕ್ಕನಿಗೆ ಲೂಪಸ್, ಅಂದರೆ ಮೈಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಅದು ಮಿದುಳಿಗೂ ಹೋಗಿದೆಯೇ ಎಂದು ನೋಡಲು ಇಂದು ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದೆವು.

"ತಲೆ ಅಲ್ಲಾಡಿಸಬೇಡಿ ಅಮ್ಮಾ" ಎಂದು ಯಂತ್ರ ನಡೆಸುವವರು ಮೈಕಿನಲ್ಲಿ ಹೇಳುತ್ತಲೇ ಇದ್ದರು. ಚಿತ್ರ ಮಾತ್ರ ಪ್ರತಿ ಸಲವೂ ಕಲಸಿಹೋಗುತ್ತಿತ್ತು. ಕಾಯಿಲೆ ತಲೆಗೇರಿಯೇಬಿಟ್ಟಿತೆಂದು ನಾನು ಹೆದರಿದೆ.

ಗಾಜಿನಲ್ಲಿ ಇಣುಕಿದ ಭಾವ ಕೂಗಿದರು: "ನೀವು ಏಳ್ದಾಗೆಲ್ಲ ಊಂ ಅಂತ ತಲೆ ಆಡುಸ್ತಾವ್ಳೆ ಕಣ್ ಸಾ! ಸುಮ್ಕಿದ್ಬುಡಿ!"

ಮೈಕು ಸುಮ್ಮನಾಯಿತು, ಚಿತ್ರ ಸ್ಪಷ್ಟವಾಗಿ ಬಂತು.

ಸಂಜೆ ಡಾಕ್ಟರು "ಮಿದುಳಿಗೇನೂ ಆಗಿಲ್ಲ" ಎಂದರು. ಭಾವ ಕಣ್ಣೊರೆಸಿಕೊಂಡು, "ನನ್ ಮಾತ್ಗೂ ಒಂದ್ಸಲ ಅಂಗೇ ತಲೆ ಆಡ್ಸಮ್ಮಿ" ಎಂದರು.

ಬೆಳಿಗ್ಗೆ ಯಂತ್ರದೊಳಗೆ ಬೇಕಿದ್ದ ನಿಶ್ಚಲತೆ ಅಕ್ಕನಿಗೆ ಆಗ ಬಂತು.