ಹೆಲ್ಮೆಟ್ಟಿನೊಳಗಿನ ಮಾತು

ಇವತ್ತು ಮಾಡಿದ ಕೆಲಸಗಳು: ನಲ್ಲಿ ಬಂದಾಗ ಡ್ರಮ್ಮು ತುಂಬಿದೆ. ಹಿಟ್ಟು ನಾದಿ ರೊಟ್ಟಿ ಬಡಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಬಿಸಿಲು ನೋಡಿ ಹಾಸಿಗೆ ಹೊರಗೆ ಹಾಕಿದೆ, ಮೋಡ ನೋಡಿ ಒಳಗೆ ತಂದೆ. ಯಜಮಾನರ ಯೂನಿಫಾರ್ಮಿಗೆ ಗುಂಡಿ ಹಚ್ಚಿದೆ. ಡ್ರೈವಿಂಗ್ ಟೆಸ್ಟ್ ಕೊಟ್ಟೆ, ಎರಡನೆಯ ಸಲ. ಬರುವಾಗ ಗಿರಣಿಯಿಂದ ಹಿಟ್ಟು ತಂದೆ.

ಟೆಸ್ಟು ಶೋಕಿಗೆ ಕೊಟ್ಟಿದ್ದಲ್ಲ. ಇಲ್ಲಿ ಗೋವೆಯಲ್ಲಿ, ದಾಬೋಳಿಯ ಕಡೆ ಒಂದು ಗೆಸ್ಟ್ ಹೌಸಿನಲ್ಲಿ ನಾನು ಬೆಳಗಿನ ಅಡಿಗೆ ಮಾಡುತ್ತೇನೆ. ಝುವಾರಿನಗರದ ನಮ್ಮ ಓಣಿಯಿಂದ ಅಷ್ಟು ಬೇಗ ಅತ್ತ ಹೋಗುವ ಬಸ್ಸಿಲ್ಲ. ಯಜಮಾನರೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಮುಂದಿನ ತಿಂಗಳಿಂದ ಅವರಿಗೆ ರಾತ್ರಿ ಪಾಳಿ. ಅವರು ಕಾರ್ಖಾನೆಯಿಂದ ನಡೆದು ಮನೆ ಮುಟ್ಟುವ ಹೊತ್ತಿಗೆ ಗೆಸ್ಟ್ ಹೌಸಿನಲ್ಲಿ ತಿಂಡಿಯ ತಟ್ಟೆಗಳು ತೊಳೆಯಲು ಬಂದಿರಬೇಕು. ಸ್ಕೂಟರ್ ನಾನೇ ಓಡಿಸಿಕೊಂಡು ಹೋದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಗಾಡಿ ಬೇಗ ಕೈಗೆ ಹತ್ತಿತು. ಯಾರಾದರೂ ನೋಡುತ್ತಿದ್ದರೆ ಮಾತ್ರ ಕೈ ನಡುಗುತ್ತಿತ್ತು. ವಾಸ್ಕೋದಲ್ಲಿ ನನಗೆ ಕಲಿಸಿದವರು ಗೋವೆಯವರೇ, ನನಗಿಂತ ಚಿಕ್ಕವರು. ಎಲ್ಲರೂ ಮಿಸ್ ಎನ್ನುತ್ತಾರೆ. ಅವರು ಹಿಂದಿಯಲ್ಲಿ ಉಪಾಯ ಹೇಳಿಕೊಟ್ಟರು. ಮನಸ್ಸಿಗೆ ದಿನಾ ಒಳ್ಳೆಯ ಮಾತು ಹೇಳಬೇಕು ಆಂಟಿ, ಮನೆಯಲ್ಲಿ ಕನ್ನಡಿಯ ಮುಂದೆ ಗಟ್ಟಿಯಾಗಿ, ಟೆಸ್ಟಿನ ದಿನ ಹೆಲ್ಮೆಟ್ಟಿನೊಳಗೆ ಮೆಲ್ಲಗೆ. ಮಾತುಗಳನ್ನೂ ಅವರೇ ಕೊಟ್ಟರು. ನಾನು ಅವನ್ನು ನಮ್ಮ ಮಾತಿಗೆ ತಂದುಕೊಂಡು ಮರುದಿನ ಕನ್ನಡಿಯ ಮುಂದೆ ನಿಂತೆ.

"ನಾ ಶಾಂತ ಅದೀನಿ. ನನಗ ಬರ್ತೈತಿ. ನಾ ಭಾಳ ಚಲೋ ಓಡಸ್ತೀನಿ."

ಹಿಂದೆ ಕೂತು ಎಲೆಅಡಿಕೆ ಕುಟ್ಟುತ್ತಿದ್ದ ಅತ್ತೆಯ ಕೈ ನಿಂತಿತು.

"ಯಾರನ್ನ ಹೊಗಳಾಕತ್ತಿ?"

"ನನ್ನನ್ನರೀ ಅತ್ತಿ."

"ಯವ್ವಾ ನನ ಶಿವನ! ಮಂದಿ ಹೊಗಳಿದ್ರ ಮಂದಿ ಕಣ್ಣು ಹತ್ತತೈತಿ, ಉಪ್ಪು ಮೆಣಸಿನಕಾಯಿ ಇಳಿಸಿದ್ರ ಹೋಗತೈತಿ. ತನ್ನ ಕಣ್ಣ ತನಗ ಹತ್ತಿದ್ರ ಏನ್ ಇಳಿಸೂದು?"

"ಮಿಸ್ ಹೇಳ್ಯಾರ್ರೀ."

"ನಿಮ್ಮ ಮಿಸ್ಸಿಗೆ ನೀ ಹಳ್ಳಕ್ಕ ಬಿದ್ರೇನು, ದಂಡಿಗೆ ನಿಂತ್ರೇನು?"

ಯಜಮಾನರು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ, "ಹೋಗ್ಲಿ ಬಿಡ ಯವ್ವಾ, ಗಾಡಿಗೆ ಮುಂದೊಂದು ಹಿಂದೊಂದು ನಿಂಬಿಕಾಯಿ ಕಟ್ಟೂಣು. ಬ್ರೇಕ್ ಬ್ಯಾಡ ಅಕಿಗೆ," ಎಂದರು.

ಕೊನೆಗೆ ರಾಜಿ ಆಯಿತು. ಹೊಗಳಿಕೊಳ್ಳುವುದಾದರೆ ಹೊಗಳಿಕೊಳ್ಳಲಿ, ಆದರೆ ಬಾಯಿ ಮುಚ್ಚುವ ಮೊದಲೇ ದೃಷ್ಟಿ ತೆಗೆದುಕೊಳ್ಳಬೇಕು: ಎರಡೂ ಅಂಗೈ ಮುಖದ ಮೇಲಿಂದ ಎಳೆದು, ಹಣೆಯ ಎರಡೂ ಬದಿಗೆ ಬೆರಳು ಮಡಚಿ ಒತ್ತಿ, ಲಟಲಟ ನೆಟಿಗೆ ಮುರಿಯಬೇಕು. ಅಂದಿನಿಂದ ಅದೇ ಪಾಠ. ಚಲೋ ಓಡಸ್ತೀನಿ, ನೆಟಿಗೆ. ರೊಟ್ಟಿ ಬಡಿಯುವಾಗಲೂ ನೆನಪಾದರೆ ಒಮ್ಮೆ ಅಂದುಕೊಂಡು, ಹಿಟ್ಟಿನ ಕೈಯಲ್ಲೇ ನೆಟಿಗೆ. ಎರಡೂ ನನ್ನೊಳಗೆ ಹಾಲು ಸಕ್ಕರೆಯಂತೆ ಕೂಡಿಹೋದವು.

ಮೊದಲ ಟೆಸ್ಟಿನಲ್ಲಿ ಮೈದಾನದ ತುಂಬ ಜನ. ಕೆಂಪು ಕೋನುಗಳ ನಡುವೆ ಇಂಗ್ಲಿಷಿನ ಎಂಟು ಅಂಕಿಯಂತೆ ಗಾಡಿ ತಿರುಗಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಟೆಸ್ಟು ತೆಗೆದುಕೊಳ್ಳುವ ಸಾಹೇಬರು ಕೈ ಬೀಸಿದರು. ನಾನು ಮಿಸ್ ಹೇಳಿದಂತೆ ಒಳಗೇ ಶುರುಮಾಡಿದೆ. ನಾ ಶಾಂತ ಅದೀನಿ, ಮೊದಲ ತಿರುವು ಆಯಿತು. ನನಗ ಬರ್ತೈತಿ, ಅರ್ಧ ಎಂಟು ಆಯಿತು. ಮಿಸ್ಸಿನ ಉಪಾಯ ಎಂಥ ಚಲೋ ಎಂದು ನನಗೇ ಆಶ್ಚರ್ಯ. ನಾ ಭಾಳ ಚಲೋ ಓಡಸ್ತೀನಿ ಎಂದುಕೊಂಡೆ. ಅದು ಖರೆಯೂ ಆಗಿತ್ತು. ಅಷ್ಟರಲ್ಲಿ ನನ್ನ ಎರಡೂ ಕೈ ಹ್ಯಾಂಡಲ್ ಬಿಟ್ಟು ಹೆಲ್ಮೆಟ್ಟಿನ ಬದಿಗೆ ಹೋಗಿದ್ದವು.

ಗಾಡಿ ಒಂದು ಕೋನಿನ ಮೇಲೆ ಮಲಗಿತು, ನಾನು ಇನ್ನೊಂದರ ಮೇಲೆ ಕೂತೆ. ಸಾಹೇಬರು ಓಡಿ ಬಂದು, ತಲೆ ಸುತ್ತಿತೇ ಎಂದು ಕೇಳಿದರು. ಸುತ್ತಿತು ಎಂದೆ. ನಿಜ ಹೇಳುವಷ್ಟು ಹಿಂದಿ ನನಗೆ ಬರುವುದಿಲ್ಲ. ಮುಂದಿನ ವಾರ ಚೆನ್ನಾಗಿ ಉಂಡು ಬನ್ನಿ ಎಂದರು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ನಟಿಗಿ ಮುರದ ಸಪ್ಪಳ ಬಂತೇನು?"

"ಇಲ್ರೀ, ಹೆಲ್ಮೆಟ್ ಅಡ್ಡ ಬಂತು."

"ಮತ್ತ! ಅದಕ್ಕ ಬಿದ್ದಿ."

ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು, ಹೆಲ್ಮೆಟ್ಟೊಂದೇ ತಪ್ಪು ಮಾಡಿತ್ತು. ನನಗೆ ಮಾತ್ರ ರಾತ್ರಿ ಪಾಳಿ ಹತ್ತಿರ ಬರುತ್ತಿರುವುದೇ ಕಾಣುತ್ತಿತ್ತು.

"ಹೊಗಳ್ಕೊಳ್ಳೂದು ಬಿಡ ಹಂಗಾರ," ಎಂದರು ಅತ್ತೆ.

"ಏನರೆ ಅನ್ಕೋಬೇಕ್ರೀ ಅತ್ತಿ. ಸುಮ್ನಿದ್ರ ಕೈ ನಡಗತಾವು."

"ಬೈಕೊ. ಹುಟ್ಟಿದ ಕೂಸು ಉಳೀಲಿಲ್ಲಂದ್ರ ಮುಂದಿಂದಕ್ಕ ತಿಪ್ಪಿ, ಕಲ್ಲು ಅಂತ ಹೆಸರು ಇಡಂಗಿಲ್ಲ? ಬೈಸ್ಕೊಂಡಿದ್ದಕ್ಕ ಯಾರ ಕಣ್ಣೂ ಹತ್ತಂಗಿಲ್ಲ."

"ಬೈಗುಳ ನಮ್ಮವ್ವನ ಕಡೆ ಕಲಿ," ಎಂದರು ಯಜಮಾನರು, "ಫೀ ಇಲ್ಲ."

ಹೊಸದಾಗಿ ಕಲಿಯುವುದೇನಿರಲಿಲ್ಲ. ಮದುವೆಯಾದ ದಿನದಿಂದ ಕೇಳುತ್ತಲೇ ಬಂದಿದ್ದೇನೆ.

ಇವತ್ತು ಅದೇ ಮೈದಾನ, ಅದೇ ಸಾಹೇಬರು. ನನ್ನ ಗುರುತು ಸಿಕ್ಕಿ, ಉಂಡಿದ್ದೀರಾ ಎಂದು ಕೇಳಿದರು. ಹೆಲ್ಮೆಟ್ಟಿನ ಪಟ್ಟಿ ಬಿಗಿದು ಶುರುಮಾಡಿದೆ. ಎತ್ತ ನೋಡ್ತೀ ಮಬ್ಬೀ? ಮುಂದ ನೋಡು. ತಿಂದ ರೊಟ್ಟಿ ಎಲ್ಲಿ ಹೋತು, ಕೈಯಾಗ ಸತ್ವಾ ಇಲ್ಲೇನು? ಸಾವಕಾಶ, ಸಾವಕಾಶ, ಬೀಗರ ಮನಿಗೆ ಓಡಾಕತ್ತಿಲ್ಲ ನೀ. ದನಿ ನನ್ನದಾಗಿರಲಿಲ್ಲ, ಅತ್ತೆಯದೇ ಬರುತ್ತಿತ್ತು. ಕೈ ನಡುಗಲಿಲ್ಲ. ಯಾಕೆ ನಡುಗಬೇಕು? ಇಷ್ಟು ವರ್ಷ ಆ ದನಿಯ ಮುಂದೆ ಕೂತೇ ರೊಟ್ಟಿ ಬಡಿದಿದ್ದೇನೆ. ಅದು ಕೇಳುತ್ತಿದ್ದರೆ ಮನೆಯಲ್ಲಿ ಎಲ್ಲವೂ ನೆಟ್ಟಗಿದೆ ಎಂದೇ ಅರ್ಥ. ಮನೆ ಮುರುಕಿ ಎಂಬಲ್ಲಿಗೆ ಬರುವಾಗ ಎಂಟು ಮುಗಿದಿತ್ತು. ಸಾಹೇಬರು ಪಾಸ್ ಎಂದರು.

ಮಿಸ್ಸಿಗೆ ನನಗಿಂತ ಹೆಚ್ಚು ಖುಷಿ. ತಮ್ಮ ಸರದಿಗೆ ಕಾಯುತ್ತಿದ್ದ ಇಬ್ಬರು ಹುಡುಗಿಯರನ್ನು ಕರೆದು, ನೋಡಿ ಒಳ್ಳೆಯ ಮಾತಿನ ಶಕ್ತಿ ಎಂದರು. ನೀವು ಏನು ಹೇಳಿಕೊಂಡಿರಿ, ಇವರಿಗೂ ಹೇಳಿ ಆಂಟಿ. ನಾನು ತಡವರಿಸಿ, ನಮ್ಮ ಅತ್ತೆ ಹೇಳುವ ಮಾತುಗಳನ್ನೇ ನೆನೆಸಿಕೊಂಡೆ ಎಂದೆ. ಮಿಸ್ ಎದೆಯ ಮೇಲೆ ಕೈ ಇಟ್ಟುಕೊಂಡರು. ಅಂಥ ಅತ್ತೆ ಎಲ್ಲರಿಗೂ ಸಿಗಬೇಕು ಎಂದರು. ಹುಡುಗಿಯರು ತಲೆಯಾಡಿಸಿದರು. ಇಬ್ಬರಿಗೂ ಇನ್ನೂ ಮದುವೆಯಾಗಿಲ್ಲ.

ಮನೆಗೆ ಬರುವಾಗ ನಾನೇ ಓಡಿಸಿದೆ. ಟೆಸ್ಟಿಗೆ ಜೊತೆ ಬಂದಿದ್ದ ಯಜಮಾನರು ಹಿಂದೆ ಕೂತು, ಹಿಟ್ಟಿನ ಡಬ್ಬಿ ತಬ್ಬಿಕೊಂಡು, ಇರದ ಬ್ರೇಕನ್ನು ಕಾಲಿನಿಂದ ಒತ್ತುತ್ತಲೇ ಇದ್ದರು. ಅತ್ತೆಗೆ ಪಾಸಾದೆ ಎಂದೆ. "ಹೂಂ. ಚಪ್ಲಿ ಹೊರಗ ಬಿಟ್ಟು ಬಾ," ಎಂದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು: "ಏನ್ ಓಡಸ್ತಾಳ ತಗೋ, ಎಮ್ಮಿ ಹೊಂಟಂಗ ಹೊಕ್ಕಾಳ." ನಾನು ಗೆಸ್ಟ್ ಹೌಸಿಗೆ ಫೋನ್ ಮಾಡಿ, ಮುಂದಿನ ತಿಂಗಳಿಗೆ ಬೇರೆಯವರನ್ನು ಹುಡುಕಬೇಡಿ ಎಂದೆ.

ರಾತ್ರಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ, ಮೊಸರು. ಯಜಮಾನರು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಮೊದಲು ಮಲಗಿದವಳು ನಾನು. ಪಾತ್ರೆ ಯಾರು ತೊಳೆದರೋ ನೋಡಿಲ್ಲ.